ಬ್ಯಾಟರಿಗೆ ಜಾಗ ಗೊತ್ತುಮಾಡುವ ಎಂಜಿನಿಯರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನೀವು ಪುಣೆಯಲ್ಲಿದ್ದೀರೋ, ಚೆನ್ನೈಯಲ್ಲೋ, ಹೊಸೂರಿನಲ್ಲೋ ನನಗೆ ತಿಳಿಯದು. ಹೊಸ ಬೈಕಿನ ನಕ್ಷೆ ಕಂಪ್ಯೂಟರ್ ಪರದೆಯ ಮೇಲೆ ತಿರುಗುತ್ತಿರುವಾಗ ಎಂಜಿನ್ನು, ಪೆಟ್ರೋಲ್ ಟ್ಯಾಂಕು, ಏರ್ ಫಿಲ್ಟರ್ ಡಬ್ಬಿ, ಎಬಿಎಸ್ ಪೆಟ್ಟಿಗೆ ಎಲ್ಲಕ್ಕೂ ಜಾಗ ಹಂಚಿಯಾದ ಮೇಲೆ, ಉಳಿದ ಸಂದಿಯಲ್ಲಿ ಬ್ಯಾಟರಿಯ ಗುರುತು ಹಾಕುವವರು ಯಾರೋ, ಅವರಿಗೆ ಈ ಪತ್ರ. ಅಂಚೆಗೆ ಹಾಕದೆ ಎಲ್ಲರೂ ಓದುವ ಹಾಗೆ ಬರೆಯಲು ಕಾರಣವಿದೆ. ಇದು ಒಬ್ಬನ ದೂರಾಗಿದ್ದರೆ ಸರ್ವಿಸ್ ಸೆಂಟರಿನ ಕೌಂಟರಿನಲ್ಲಿ ಹೇಳಿ ಮುಗಿಸಬಹುದಿತ್ತು. ರಾಜ್ಯದ ಯಾವ ಊರಿನ ಯಾವ ಗ್ಯಾರೇಜಿಗೆ ಹೋದರೂ ಇದೇ ಮಾತು ಕಿವಿಗೆ ಬೀಳುತ್ತದೆ.

ನನ್ನ ಕೋರಿಕೆ ಇಷ್ಟೇ. ಬೈಕಿನ ಮಾಲೀಕ, ಬೈಕಿನ ಜೊತೆ ನೀವೇ ಕೊಟ್ಟ ಟೂಲ್ ಕಿಟ್ ಹಿಡಿದು, ರಸ್ತೆ ಬದಿಯಲ್ಲಿ ನಿಂತು, ಬ್ಯಾಟರಿಯನ್ನು ಹೊರಗೆ ತೆಗೆದು ಮತ್ತೆ ಕೂರಿಸುವಂತಿರಬೇಕು. ಟ್ಯಾಂಕು ಬಿಚ್ಚದೆ, ಪ್ಲಾಸ್ಟಿಕ್ ಮುರಿಯದೆ, ಕೈ ಸುಟ್ಟುಕೊಳ್ಳದೆ.

ಬೈಕಿನಲ್ಲಿ ಸವೆದು ಹೋಗುವುದೆಂದು ಮೊದಲೇ ಗೊತ್ತಿರುವ ಭಾಗಗಳಿವೆ. ಬ್ರೇಕ್ ಪ್ಯಾಡು, ಚೈನು, ಟಯರು, ಎಂಜಿನ್ ಆಯಿಲ್ಲು. ಇವಕ್ಕೆಲ್ಲ ಕೈ ಹೋಗುವ ದಾರಿಯನ್ನು ನೀವು ಒಳ್ಳೆಯದಾಗಿಯೇ ಮಾಡಿದ್ದೀರಿ. ಆಯಿಲ್ ಬೋಲ್ಟು ಎಂಜಿನ್ನಿನ ಅಡಿಯಲ್ಲಿ ಕಣ್ಣಿಗೆ ಕಾಣುತ್ತದೆ, ಚೈನು ಬಿಗಿಮಾಡುವ ಅಡ್ಜಸ್ಟರಿನ ಮೇಲೆ ಗೆರೆ ಕೊರೆದಿರುತ್ತೀರಿ. ಬ್ಯಾಟರಿಯೂ ಈ ಪಂಗಡಕ್ಕೇ ಸೇರಿದ್ದು. ನಮ್ಮ ಬಿಸಿಲಿನಲ್ಲಿ ಸೀಸದ ಬ್ಯಾಟರಿಯೊಂದು ಮೂರು-ನಾಲ್ಕು ವರ್ಷ ಬಂದರೆ ಚೆನ್ನಾಗಿ ಬಂತು ಎನ್ನುತ್ತಾರೆ. ಹತ್ತು-ಹನ್ನೆರಡು ವರ್ಷ ಓಡುವ ಬೈಕಿನ ಬಾಳಿನಲ್ಲಿ ಅದನ್ನು ಹಲವು ಸಲ ಬದಲಿಸಲೇಬೇಕು. ನಡುವೆ ಚಾರ್ಜಿಗೆಂದು ತೆಗೆಯುವುದು, ಟರ್ಮಿನಲ್ ಮೇಲೆ ಕಟ್ಟಿದ ಬೂಷ್ಟು ತೊಳೆಯುವುದು ಬೇರೆ. ಹೀಗೆ ಮತ್ತೆ ಮತ್ತೆ ಹೊರಬರಬೇಕಾದ ವಸ್ತುವನ್ನು ಎಂದೂ ಹೊರಬರಬಾರದ ವಸ್ತುವಿನಂತೆ ಹೂತಿಟ್ಟದ್ದೇ ನನ್ನ ತಕರಾರು.

ಅದರ ಸ್ವಭಾವ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಫ್ರಾನ್ಸಿನ ಗಾಸ್ತೋಂ ಪ್ಲಾಂಟೆ 1859ರಲ್ಲಿ ಸೀಸದ ತಗಡುಗಳನ್ನು ಗಂಧಕಾಮ್ಲದಲ್ಲಿ ಅದ್ದಿ ಮಾಡಿದ ಸಾಧನದ ಮೂಲತತ್ವವೇ ಇವತ್ತಿಗೂ ನಡೆದಿದೆ. ಆರು ಕೋಶ, ಒಂದೊಂದರಲ್ಲಿ ಎರಡು ವೋಲ್ಟಿಗಿಂತ ಸ್ವಲ್ಪ ಮೇಲೆ, ಒಟ್ಟು ಹನ್ನೆರಡು ಚಿಲ್ಲರೆ. ಪೂರ್ತಿ ಚಾರ್ಜಾಗಿ ತಣ್ಣಗೆ ಕೂತ ಬ್ಯಾಟರಿ 12.7 ವೋಲ್ಟಿನ ಆಸುಪಾಸು ತೋರಿಸುತ್ತದೆ. 12.4ಕ್ಕಿಂತ ಕೆಳಗೆ ಬಹಳ ದಿನ ಬಿಟ್ಟರೆ ತಗಡುಗಳ ಮೇಲೆ ಸೀಸದ ಸಲ್ಫೇಟು ಗಟ್ಟಿ ಹರಳಾಗಿ ಕೂತುಬಿಡುತ್ತದೆ. ಆಮೇಲೆ ಎಷ್ಟು ಚಾರ್ಜು ಕೊಟ್ಟರೂ ಆ ಹರಳು ಪೂರ್ತಿ ಕರಗುವುದಿಲ್ಲ. ಹಾಗಾಗಿ ಸೀಸದ ಬ್ಯಾಟರಿಯನ್ನು ಉಳಿಸಿಕೊಳ್ಳುವ ದಾರಿ ಒಂದೇ: ಆಗಾಗ ನೋಡುವುದು, ಇಳಿದಿದ್ದರೆ ಬೇಗ ಚಾರ್ಜು ಕೊಡುವುದು. ನಿಮ್ಮ ಕೈಪಿಡಿಯಲ್ಲೂ ಹಾಗೇ ಇದೆ. ಬಹಳ ದಿನ ಬೈಕ್ ಓಡಿಸದಿದ್ದರೆ ಬ್ಯಾಟರಿ ಬಿಚ್ಚಿ ತಂಪಾದ ಒಣ ಜಾಗದಲ್ಲಿಡಿ, ತಿಂಗಳಿಗೊಮ್ಮೆ ಚಾರ್ಜು ಮಾಡಿ ಎಂದು ಬರೆದಿರುತ್ತದೆ. ಸರಿಯಾದ ಸಲಹೆ, ಓದಿ ಪಾಲಿಸಲು ಸಿದ್ಧವಿರುವವರೂ ಬಹಳ ಜನ ಇದ್ದಾರೆ. ಅದೇ ಕೈಪಿಡಿಯ ಇನ್ನೊಂದು ಪುಟದಲ್ಲಿ, ಬ್ಯಾಟರಿ ತೆಗೆಯಲು ಅಧಿಕೃತ ಸರ್ವಿಸ್ ಕೇಂದ್ರವನ್ನು ಸಂಪರ್ಕಿಸಿ ಎಂದಿದ್ದರೆ ಮಾಲೀಕ ಯಾವ ಪುಟವನ್ನು ಪಾಲಿಸಬೇಕು?

ಹಿಂದೆ ಇದು ಇಷ್ಟು ದೊಡ್ಡ ವಿಷಯವಾಗಿರಲಿಲ್ಲ. ಮ್ಯಾಗ್ನೆಟ್ಟಿನಿಂದ ಕಿಡಿ ಹುಟ್ಟಿಸಿಕೊಳ್ಳುತ್ತಿದ್ದ ಕಾರ್ಬ್ಯುರೇಟರ್ ಬೈಕುಗಳು ಬ್ಯಾಟರಿ ಸತ್ತರೂ ಕಿಕ್ಕರ್ ತುಳಿದರೆ ಹೊರಡುತ್ತಿದ್ದವು. ಹಾರನ್ನು ಕುಂಯ್ ಎನ್ನುತ್ತಿತ್ತು, ಇಂಡಿಕೇಟರ್ ಮಿಣುಕುತ್ತಿರಲಿಲ್ಲ, ಅಷ್ಟೇ. ಒಂದೊಂದೇ ಕಾಲಕ್ಕೆ ಒಂದೊಂದು ಭಾರ ಬ್ಯಾಟರಿಯ ಮೇಲೆ ಬಿತ್ತು. ಹಲವು ಬೈಕುಗಳಲ್ಲಿ ಕಿಕ್ಕರನ್ನೇ ತೆಗೆದಿರಿ. 2017ರ ಏಪ್ರಿಲಿನಿಂದ ಹೆಡ್‌ಲೈಟು ಹಗಲೂ ಉರಿಯಬೇಕೆಂಬ ನಿಯಮ ಬಂತು. 125 ಸಿಸಿ ಮೀರಿದ ಬೈಕುಗಳಿಗೆ ಎಬಿಎಸ್ ಕಡ್ಡಾಯವಾಯಿತು, ಹೊಸ ಮಾದರಿಗಳಿಗೆ 2018ರಿಂದ, ಉಳಿದವಕ್ಕೆ 2019ರಿಂದ. 2020ರ ಏಪ್ರಿಲ್ 1ಕ್ಕೆ ಬಿಎಸ್-6 ಹೊಗೆ ನಿಯಮ ಬಂದು, ಕಾರ್ಬ್ಯುರೇಟರ್ ಜಾಗವನ್ನು ಹೆಚ್ಚಿನ ಬೈಕುಗಳಲ್ಲಿ ಫ್ಯುಯೆಲ್ ಇಂಜೆಕ್ಷನ್ ಹಿಡಿಯಿತು. ಇವು ಒಳ್ಳೆಯ ಬದಲಾವಣೆಗಳೇ. ಎಬಿಎಸ್ ಜೀವ ಉಳಿಸುತ್ತದೆ, ಬಿಎಸ್-6 ನಗರದ ಹೊಗೆ ತಗ್ಗಿಸುತ್ತದೆ, ಇವುಗಳಲ್ಲಿ ಒಂದನ್ನೂ ಹಿಂದಕ್ಕೆ ತೆಗೆದುಕೊಳ್ಳಿ ಎಂದು ನಾನು ಕೇಳುವುದಿಲ್ಲ. ಆದರೆ ಇಂಜೆಕ್ಷನ್ ಬೈಕಿನಲ್ಲಿ ಟ್ಯಾಂಕಿನೊಳಗಿನ ಪಂಪು ಪೆಟ್ರೋಲನ್ನು ಒತ್ತಿ ಕಳಿಸಬೇಕು, ಎಂಜಿನ್ ನಿಯಂತ್ರಿಸುವ ಇಸಿಯು ಎಚ್ಚರವಿರಬೇಕು. ಬ್ಯಾಟರಿ ಪೂರ್ತಿ ಕುಸಿದಿದ್ದರೆ ಇಬ್ಬರು ಸೇರಿ ಇಳಿಜಾರಿನಲ್ಲಿ ತಳ್ಳಿದರೂ ಎಂಜಿನ್ ಹತ್ತಿಕೊಳ್ಳುತ್ತದೆಂಬ ಭರವಸೆಯಿಲ್ಲ. ಬ್ಯಾಟರಿಯ ಮೇಲಿನ ಅವಲಂಬನೆ ಹೆಚ್ಚುತ್ತ ಬಂದ ಇದೇ ವರ್ಷಗಳಲ್ಲಿ ಅದು ಕೈಗೆ ಸಿಗುವುದು ಕಡಿಮೆಯಾಗುತ್ತ ಬಂತು. ಎರಡೂ ಒಟ್ಟಿಗೆ ನಡೆದದ್ದು ನಿಮ್ಮ ಗಮನಕ್ಕೆ ಬರಲೇ ಇಲ್ಲವೇ ಎಂದು ಕೇಳಬೇಕೆನಿಸುತ್ತದೆ.

ನಾನು ಮೈಸೂರಿನವನು. 1961ರಲ್ಲಿ ಜಯಚಾಮರಾಜ ಒಡೆಯರು ಉದ್ಘಾಟಿಸಿದ ಐಡಿಯಲ್ ಜಾವಾ ಕಾರ್ಖಾನೆಯ ಬೈಕುಗಳು ಈಗಲೂ ನಮ್ಮ ಬೀದಿಗಳಲ್ಲಿ ಓಡಾಡುತ್ತವೆ. ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಆ ಜಾವಾ, ಯೆಜ್ಡಿಗಳನ್ನು ಇಂದಿಗೂ ಮನೆಯಂಗಳದಲ್ಲೇ ಬಿಚ್ಚಿ ಜೋಡಿಸುವವರು ಇಲ್ಲಿದ್ದಾರೆ. ಸೀಟಿನ ಕೆಳಗಿನ ಪಕ್ಕದ ಡಬ್ಬಿಯ ಮುಚ್ಚಳ ತೆರೆದರೆ ಬ್ಯಾಟರಿ ಎದುರಿಗೇ ಇರುತ್ತದೆ. ಸ್ಪ್ಲೆಂಡರ್‌ನಂಥ ನೂರು ಸಿಸಿ ಬೈಕುಗಳಲ್ಲೂ ಹಾಗೇ, ಸೈಡ್ ಕವರ್ ತೆಗೆದರೆ ಸಿಕ್ಕಿತು. ಹಾಲಿನ ಕ್ಯಾನು ಕಟ್ಟಿಕೊಂಡು ನಸುಕಿನಲ್ಲಿ ಡೇರಿಗೆ ಹೊರಡುವ ರೈತ ಇಂಥ ಬೈಕನ್ನು ನಂಬಿದ್ದಕ್ಕೆ ಮೈಲೇಜು ಒಂದೇ ಕಾರಣವಲ್ಲ. ಕೆಟ್ಟದ್ದು ಕಣ್ಣಿಗೆ ಕಾಣುತ್ತಿತ್ತು, ಕೈಗೆ ಸಿಗುತ್ತಿತ್ತು.

ಈಗ ನನ್ನ ಬೈಕಿನ ವಿಷಯಕ್ಕೆ ಬರುತ್ತೇನೆ. ಯಾರ ಬೈಕು ಎಂದು ಹೆಸರಿಸುವುದಿಲ್ಲ, ಹೆಸರು ಇಲ್ಲಿ ಮುಖ್ಯವೂ ಅಲ್ಲ. ನೋಡಲು ಚಂದ, ಘಾಟಿಯ ತಿರುವಿನಲ್ಲಿ ಹೇಳಿದ ಮಾತು ಕೇಳುತ್ತದೆ, ದೂರದ ಪ್ರಯಾಣಕ್ಕೆ ಅದರಷ್ಟು ನಂಬಿಕಸ್ಥ ಇನ್ನೊಂದನ್ನು ನಾನು ಕಂಡಿಲ್ಲ. ಅದರ ಬ್ಯಾಟರಿ ಇರುವುದು ಟ್ಯಾಂಕಿನ ಹಿಂಬದಿಯ ಅಡಿಯಲ್ಲಿ.

ಮೊದಲು ಹಿಂದಿನ ಸೀಟನ್ನು ಕೀಲಿ ತಿರುಗಿಸಿ ಎತ್ತಬೇಕು. ಅದರಡಿ ಸಿಗುವ ಎರಡು ಬೋಲ್ಟು ಬಿಚ್ಚಿದರೆ ಸವಾರನ ಸೀಟು ಸಡಿಲವಾಗುತ್ತದೆ. ಆಮೇಲೆ ಎರಡೂ ಬದಿಯ ಪ್ಯಾನೆಲ್ಲು. ಅವು ರಬ್ಬರ್ ಬುಶ್ಶುಗಳೊಳಗೆ ಕೂತಿರುತ್ತವೆ, ನೇರವಾಗಿ ಎಳೆಯಬೇಕು, ಓರೆಯಾದರೆ ಹಿಂಬದಿಯ ಪ್ಲಾಸ್ಟಿಕ್ ಮೊಳೆ ಪಟ್ಟೆಂದು ಮುರಿಯುತ್ತದೆ. ಹೊಸದರಲ್ಲಿ ಮುರಿಯುವುದಿಲ್ಲ. ನಾಲ್ಕು ಬೇಸಿಗೆ ಕಂಡ ಪ್ಲಾಸ್ಟಿಕ್ಕು ಹಪ್ಪಳವಾಗಿರುತ್ತದೆ, ಬ್ಯಾಟರಿ ಸಾಯುವುದೂ ಸರಿಯಾಗಿ ಆ ವಯಸ್ಸಿಗೇ. ಮುಂದೆ ಟ್ಯಾಂಕು. ಅದರ ಹಿಂದಿನ ಬೋಲ್ಟು ತೆಗೆದು ಹಿಂಭಾಗವನ್ನು ಎತ್ತಿ, ಅಡಿಗೆ ಮರದ ತುಂಡು ಕೊಟ್ಟು ನಿಲ್ಲಿಸಬೇಕು. ಟ್ಯಾಂಕಿನಲ್ಲಿ ಪೆಟ್ರೋಲ್ ತುಂಬಿದ್ದರೆ ಎತ್ತುವವರು ಒಬ್ಬರು, ತುಂಡು ಇಡುವವರು ಇನ್ನೊಬ್ಬರು ಬೇಕು. ಪಂಪಿನ ಪೈಪಿಗೂ ವೈರಿನ ಕಪ್ಲರಿಗೂ ಎಳೆತ ಬೀಳದಷ್ಟೇ ಎತ್ತಬೇಕು. ಅದೆಷ್ಟು ಎಂದು ಎಲ್ಲೂ ಬರೆದಿಲ್ಲ, ಕೈಯೇ ಕಲಿಯಬೇಕು.

ಇಷ್ಟಾದ ಮೇಲೆ ಕಾಣುವುದೂ ಬ್ಯಾಟರಿಯಲ್ಲ. ಫ್ಯೂಸ್ ಡಬ್ಬಿ, ಸ್ಟಾರ್ಟರ್ ರಿಲೇ, ವೈರಿನ ಕಟ್ಟುಗಳನ್ನು ಹೊತ್ತ ಪ್ಲಾಸ್ಟಿಕ್ ತಟ್ಟೆ. ಅದನ್ನು ಪಕ್ಕಕ್ಕೆ ಸರಿಸಿದರೆ ಕೆಳಗೆ ಬ್ಯಾಟರಿ. ಅದರ ಟರ್ಮಿನಲ್ಲುಗಳು ಚಾಸಿಯ ಕಡೆಗೆ ಮುಖ ಮಾಡಿವೆ. ಸ್ಕ್ರೂಡ್ರೈವರ್ ನೇರ ನಿಲ್ಲುವುದಿಲ್ಲ, ಹತ್ತರ ಸ್ಪ್ಯಾನರ್ ಹಾಕಿದರೆ ಒಂದು ಸಲಕ್ಕೆ ಬೆರಳಗಲ ತಿರುಗುತ್ತದೆ, ಮತ್ತೆ ಬಿಡಿಸಿ ಮತ್ತೆ ಹಾಕಬೇಕು. ಬೋಲ್ಟು ಪೂರ್ತಿ ಬಿಟ್ಟುಕೊಂಡ ಕ್ಷಣದಲ್ಲಿ ಟರ್ಮಿನಲ್ಲಿನ ಒಳಗಿರುವ ಚೌಕ ನಟ್ಟು ಜಾರುತ್ತದೆ. ಅದು ಎಂಜಿನ್ನಿನ ಮೇಲೋ ಸ್ವಿಂಗ್ ಆರ್ಮಿನ ಸಂದಿಗೋ ಬಿದ್ದರೆ, ಬಾವಿಗೆ ಬಿದ್ದ ಕೊಡಕ್ಕೆ ಪಾತಾಳಗರಡಿ ಇಳಿಬಿಟ್ಟು ತಡಕಿದ ಹಾಗೆ ಮ್ಯಾಗ್ನೆಟ್ ಕಡ್ಡಿ ಇಳಿಸಿ ತಡಕಬೇಕು. ನಟ್ಟು ಹಿತ್ತಾಳೆಯದಾಗಿದ್ದರೆ ಮ್ಯಾಗ್ನೆಟ್ಟಿಗೂ ಸಿಗದು.

ಇನ್ನು ಬ್ಯಾಟರಿಯನ್ನು ಎತ್ತುವುದು. ಒಂಬತ್ತು ಆಂಪಿಯರ್-ಅವರಿನ ಬ್ಯಾಟರಿ ಮೂರು ಕಿಲೋ ಆಸುಪಾಸು ತೂಗುತ್ತದೆ. ಹೆಚ್ಚಲ್ಲ. ಆದರೆ ಎರಡೂ ಪಕ್ಕದಲ್ಲಿ ಬೆರಳು ಹೋಗುವ ಸಂದಿಯಿಲ್ಲದಿದ್ದರೆ ಮೂರು ಕಿಲೋವನ್ನೂ ಹಿಡಿದೆತ್ತಲಾಗದು. ನಯವಾದ ಪ್ಲಾಸ್ಟಿಕ್ ಗೋಡೆಗಳು, ಹಿಡಿಯಲು ಪಟ್ಟಿಯಿಲ್ಲ. ಗ್ಯಾರೇಜಿನವರು ಸ್ಕ್ರೂಡ್ರೈವರಿನಿಂದ ಮೀಟುತ್ತಾರೆ. ಆಸಿಡ್ ತುಂಬಿದ ಪೆಟ್ಟಿಗೆಯನ್ನು ಮೀಟಿ ಎತ್ತುವುದು ಒಳ್ಳೆಯ ಪದ್ಧತಿಯಲ್ಲ ಎಂದು ಅವರಿಗೆ ಗೊತ್ತಿಲ್ಲವೆಂದಲ್ಲ. ಬೇರೆ ದಾರಿಯನ್ನು ನೀವು ಇಟ್ಟಿಲ್ಲ.

ಈ ಕೆಲಸದ ಲೆಕ್ಕ ಯಾರ ತಲೆಗೆ ಬರುತ್ತದೆಂಬುದನ್ನೂ ಕೇಳಿ. ರಸ್ತೆ ಬದಿಯ ಮೇಸ್ತ್ರಿಯ ಹತ್ತಿರ ಬ್ಯಾಟರಿ ಬದಲಿಸಲು ಬರುವವರು ಅದು ಐದು ನಿಮಿಷದ ಕೆಲಸ ಎಂದೇ ತಿಳಿದಿರುತ್ತಾರೆ, ಮೊದಲಿನ ಬೈಕುಗಳಲ್ಲಿ ಹಾಗೇ ಇತ್ತಲ್ಲ. ಗಂಟೆ ಹಿಡಿದ ಕೆಲಸಕ್ಕೆ ತಕ್ಕ ಕೂಲಿ ಹೇಳಿದರೆ, ಬರೀ ಬ್ಯಾಟರಿ ಹಾಕೋಕೆ ಇಷ್ಟಾ ಎನ್ನುವ ಮಾತು ತಪ್ಪಿದ್ದಲ್ಲ. ಪ್ಯಾನೆಲ್ಲಿನ ಮೊಳೆ ಮುರಿದರಂತೂ ಬೈಗುಳ ತಿನ್ನುವವನು ಗ್ಯಾರೇಜಿನ ಹುಡುಗ. ಹೊಸ ಪ್ಯಾನೆಲ್ಲಿನ ದುಡ್ಡು ಕೆಲವೊಮ್ಮೆ ಅವನ ವಾರದ ಬಟವಾಡೆಯಲ್ಲಿ ಕಡಿತವಾಗುತ್ತದೆ. ನಿಮ್ಮ ಪರದೆಯ ಮೇಲೆ ಒಂದಿಂಚು ಜಾಗ ಉಳಿದದ್ದಕ್ಕೆ ಅವನು ಬೆಲೆ ಕೊಡುತ್ತಿದ್ದಾನೆ. ನನಗೆ ಇದರಷ್ಟು ನೋವು ಕೊಡುವ ವಿಷಯ ಈ ಪತ್ರದಲ್ಲಿ ಇನ್ನೊಂದಿಲ್ಲ.

ಮತ್ತೆ ಅಪಾಯದ ಮಾತು. ಬ್ಯಾಟರಿ ಬಿಚ್ಚುವಾಗ ಮೊದಲು ನೆಗೆಟಿವ್, ಆಮೇಲೆ ಪಾಸಿಟಿವ್. ಕೂರಿಸುವಾಗ ಮೊದಲು ಪಾಸಿಟಿವ್, ಕೊನೆಗೆ ನೆಗೆಟಿವ್. ಮೇಸ್ತ್ರಿಗಳು ಹುಡುಗರಿಗೆ ಮೊದಲ ದಿನಗಳಲ್ಲೇ ಕಲಿಸುವ ಪಾಠ ಇದು. ಬೈಕಿನ ಚಾಸಿಯೇ ಅರ್ತ್ ಆಗಿರುವುದರಿಂದ, ನೆಗೆಟಿವ್ ಬಿಚ್ಚದೆ ಪಾಸಿಟಿವ್‌ಗೆ ಸ್ಪ್ಯಾನರ್ ಹಾಕಿ ಅದರ ಇನ್ನೊಂದು ತುದಿ ಚಾಸಿಗೆ ತಗುಲಿದರೆ ಪೂರ್ತಿ ಶಾರ್ಟ್. ನೂರಾರು ಆಂಪಿಯರ್ ಒಮ್ಮೆಗೇ ಹರಿಯುತ್ತದೆ. ಸ್ಪ್ಯಾನರ್ ಕೆಂಪಗೆ ಕಾದು ಅಂಟಿಕೊಳ್ಳಬಹುದು, ಬೆರಳಿನಲ್ಲಿ ಉಂಗುರವಿದ್ದರೆ ಬೆರಳಿನ ಗತಿ ಹೇಳಬೇಕಿಲ್ಲ. ನೆಗೆಟಿವ್ ಮೊದಲು ಬಿಚ್ಚಿದ್ದರೆ ಆಮೇಲೆ ಸ್ಪ್ಯಾನರ್ ಚಾಸಿಗೆ ಎಲ್ಲಿ ತಗುಲಿದರೂ ಏನೂ ಆಗದು, ಸುತ್ತು ಪೂರ್ತಿಯಾಗುವುದೇ ಇಲ್ಲ. ಈ ಕ್ರಮ ಪಾಲಿಸಬೇಕಾದರೆ ನೆಗೆಟಿವ್ ಟರ್ಮಿನಲ್ಲಿಗೆ ಮೊದಲು ಕೈ ಸಿಗಬೇಕು. ನನ್ನ ಬೈಕಿನಲ್ಲಿ ಈಚೆಗೆ ಇರುವುದು ಪಾಸಿಟಿವ್. ನೆಗೆಟಿವ್ ಆಚೆ ಮೂಲೆಯಲ್ಲಿ, ಪಾಸಿಟಿವ್ ಮೇಲೆ ಕೈ ಚಾಚಿಯೇ ಅದನ್ನು ಮುಟ್ಟಬೇಕು. ಕೆಂಪು ರಬ್ಬರ್ ಟೋಪಿ ಮುಚ್ಚಿದ್ದೀರಿ, ನಿಜ. ಆ ಟೋಪಿ ಹಳೆಯದಾಗಿ ಬಿರುಕು ಬಿಡುವುದೂ ನಿಜ. ಮೇಲೆ ತಲೆಯ ಹತ್ತಿರವೇ, ತುಂಡಿನ ಆಧಾರದ ಮೇಲೆ ನಿಂತ ಪೆಟ್ರೋಲ್ ಟ್ಯಾಂಕು. ಚಾರ್ಜಾಗುವ ಬ್ಯಾಟರಿಯಿಂದ ಹೊಮ್ಮುವ ಹೈಡ್ರೋಜನ್ ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲು ಸೇರಿದರೂ ಕಿಡಿಗೆ ಹೊತ್ತಿಕೊಳ್ಳಬಲ್ಲದು. ಕಿಡಿ, ಹೈಡ್ರೋಜನ್, ಪೆಟ್ರೋಲ್ ಆವಿ ಮೂರೂ ಕೂಡಬಹುದಾದ ಜಾಗದಲ್ಲಿ, ಕತ್ತಲಲ್ಲಿ ಮೊಬೈಲ್ ಬೆಳಕು ಬಾಯಲ್ಲಿ ಕಚ್ಚಿಕೊಂಡು ಮನುಷ್ಯನೊಬ್ಬ ಕೈಯಾಡಿಸುತ್ತಾನೆ.

ಆಸಿಡ್ ಸುರಿಯುವ ಹಳೆ ಬಗೆಯ ಬ್ಯಾಟರಿಗಳಲ್ಲಿ ಇನ್ನೊಂದಿದೆ. ಅವುಗಳ ಪಕ್ಕದಿಂದ ಇಳಿಯುವ ಉಸಿರು ಪೈಪನ್ನು ತಿರುಚದೆ, ಚೈನಿಗೂ ಸೈಲೆನ್ಸರಿಗೂ ತಾಗದ ಹಾಗೆ ಕೆಳಗಿಳಿಸಬೇಕು. ಕೈ ಹೋಗದ ಜಾಗದಲ್ಲಿ ಆ ಪೈಪು ಸರಿಯಾಗಿ ಕೂತಿತೋ ಇಲ್ಲವೋ ಎಂದು ನೋಡುವವರಾರು? ಚಾಸಿಯ ಬಣ್ಣ ಹೋಗಿ ತುಕ್ಕು ಕಂಡಾಗಲೇ ಗೊತ್ತಾಗುವುದು.

ನಿಮ್ಮ ಕಷ್ಟವನ್ನೂ ಹೇಳದಿದ್ದರೆ ನ್ಯಾಯವಲ್ಲ. ಭಾರದ ವಸ್ತುಗಳೆಲ್ಲ ಬೈಕಿನ ನಡುವಿಗೆ ಹತ್ತಿರ, ಆದಷ್ಟು ಕೆಳಗಿದ್ದರೆ ತಿರುವಿನಲ್ಲಿ ಬೈಕು ಹಗುರಾಗಿ ವಾಲುತ್ತದೆ. ಸ್ಟಾರ್ಟರ್ ಮೋಟರು ಎಳೆಯುವ ಕರೆಂಟು ಹೆಚ್ಚು, ಕೇಬಲ್ ಉದ್ದವಾದಷ್ಟೂ ವೋಲ್ಟೇಜ್ ದಾರಿಯಲ್ಲೇ ಇಳಿಯುತ್ತದೆ, ಹಾಗಾಗಿ ಬ್ಯಾಟರಿ ಮೋಟರಿಗೆ ಹತ್ತಿರವಿರಬೇಕು. ಸೀಟು ಎತ್ತರವಾದರೆ ಕಾಲು ನೆಲಕ್ಕೆ ತಾಗದು, ಅಗಲವಾದರೂ ತಾಗದು. ಹೊಗೆ ನಿಯಮಗಳು ಬಿಗಿಯಾದಂತೆ ಬಂದ ಕ್ಯಾಟಲಿಟಿಕ್ ಕನ್ವರ್ಟರು, ಸೆನ್ಸರುಗಳು, ಪೆಟ್ರೋಲ್ ಆವಿ ಹಿಡಿಯುವ ಇದ್ದಿಲ ಡಬ್ಬಿ ಒಂದೊಂದೂ ಜಾಗ ಕೇಳಿದವು. ಎಲ್ಲರೂ ಕೇಳಿದಷ್ಟು ಕೊಟ್ಟು ಮುಗಿಸುವ ಹೊತ್ತಿಗೆ ಬ್ಯಾಟರಿಯ ಪರವಾಗಿ ಮಾತಾಡುವವರು ಆ ಕೋಣೆಯಲ್ಲಿ ಯಾರೂ ಇರುವುದಿಲ್ಲ ಎಂದು ನಾನು ಊಹಿಸುತ್ತೇನೆ. ಹೊರದೇಶದ ಹೆಸರಾಂತ ಬೈಕುಗಳೂ ಈ ಇಕ್ಕಟ್ಟನ್ನು ಕಂಡಿವೆ. ಬಿಎಂಡಬ್ಲ್ಯೂದ ಎಫ್ 650 ಜಿಎಸ್‌ನಲ್ಲಿ ಪೆಟ್ರೋಲ್ ಟ್ಯಾಂಕನ್ನೇ ಸೀಟಿನಡಿಗೆ ಇಳಿಸಿ, ಮಾಮೂಲಾಗಿ ಟ್ಯಾಂಕು ಇರುವ ಮುಂಭಾಗದಲ್ಲಿ ಬ್ಯಾಟರಿಗೆ ಜಾಗ ಮಾಡಿದರು. ಜಾಗವನ್ನು ಹೊಸದಾಗಿ ಹಂಚಲು ಸಾಧ್ಯ ಎಂಬುದಕ್ಕಾಗಿ ಇದನ್ನು ಹೇಳಿದೆ.

ಆದರೆ ಎಂಜಿನ್ನಿನ ಹತ್ತಿರ, ಗಾಳಿಯಾಡದ ಸಂದಿ ಬ್ಯಾಟರಿಗೇ ಒಳ್ಳೆಯದಲ್ಲ. ಸುತ್ತಲಿನ ಬಿಸಿ ಹತ್ತು ಡಿಗ್ರಿ ಏರಿದರೆ ಸೀಸದ ಬ್ಯಾಟರಿಯ ಆಯಸ್ಸು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ ಎಂಬುದು ಈ ಕ್ಷೇತ್ರದಲ್ಲಿ ಎಲ್ಲರೂ ಒಪ್ಪಿದ ಅಂದಾಜು. ಕಲಬುರಗಿಯ, ರಾಯಚೂರಿನ ಮೇ ತಿಂಗಳಲ್ಲಿ ನೆರಳಿನಲ್ಲೇ ನಲವತ್ತು ದಾಟುತ್ತದೆ. ಅಂಥ ಊರಿನಲ್ಲಿ ಎಂಜಿನ್ ಮಗ್ಗುಲಲ್ಲಿ ಕೂತ ಬ್ಯಾಟರಿ ಬೇಗ ಸಾಯುತ್ತದೆ. ತೆಗೆಯಲು ಕಷ್ಟವಾದ ಜಾಗವೇ ಹೆಚ್ಚು ಸಲ ತೆಗೆಯಬೇಕಾದ ಜಾಗವೂ ಆಗುತ್ತದೆ.

ಮನೆಗೆ ಚಾರ್ಜರ್ ತಂದಿಟ್ಟುಕೊಳ್ಳಿ, ಬ್ಯಾಟರಿ ಬಿಚ್ಚುವುದೇ ಬೇಡ ಎಂದು ನೀವು ಹೇಳಬಹುದು. ಬೆಂಗಳೂರಿನ ಅಪಾರ್ಟ್‌ಮೆಂಟುಗಳ ನೆಲಮಾಳಿಗೆಗೆ ಒಮ್ಮೆ ಇಳಿದು ನೋಡಿ. ಬೈಕು ನಿಲ್ಲುವ ಕಂಬದ ಹತ್ತಿರ ಪ್ಲಗ್ ಪಾಯಿಂಟು ಇರುವ ಕಟ್ಟಡ ಎಷ್ಟಿವೆ? ನಾಲ್ಕನೇ ಮಹಡಿಯಲ್ಲಿರುವವರು ಬ್ಯಾಟರಿಯನ್ನೇ ಮನೆಗೆ ಹೊತ್ತು ತರಬೇಕು. ಐದು ಆಂಪಿಯರ್-ಅವರಿನ ಬ್ಯಾಟರಿಗೆ ಅರ್ಧ ಆಂಪಿಯರಿನಂತೆ ರಾತ್ರಿಯಿಡೀ ನಿಧಾನ ಚಾರ್ಜು ಕೊಟ್ಟರೆ ಅದು ಚೇತರಿಸಿಕೊಳ್ಳುತ್ತದೆ, ಹೊಸದಕ್ಕೆ ದುಡ್ಡು ಸುರಿಯುವುದು ತಪ್ಪುತ್ತದೆ. 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಆದಾಗ ನಿಂತಲ್ಲೇ ನಿಂತ ಬೈಕುಗಳನ್ನು ನೆನಪಿಸಿಕೊಳ್ಳಿ. ಗಡಿಯಾರ, ಇಸಿಯು, ಅಲಾರಂ ಎಂದು ಮಿಲಿ ಆಂಪಿಯರ್ ಲೆಕ್ಕದಲ್ಲಿ ಸೋರುವ ಕರೆಂಟು ವಾರಗಳಲ್ಲಿ ಬ್ಯಾಟರಿಯನ್ನು ಬರಿದುಮಾಡಿತ್ತು. ಬಾಗಿಲು ತೆರೆದ ಗ್ಯಾರೇಜುಗಳ ಮುಂದೆ ತಳ್ಳಿಕೊಂಡು ಬಂದ ಬೈಕುಗಳ ಸಾಲು. ಸೈಡ್ ಕವರ್ ತೆಗೆದರೆ ಬ್ಯಾಟರಿ ಸಿಗುವ ಬೈಕಿನವರು ಮನೆಯಲ್ಲೇ ಚಾರ್ಜು ಮಾಡಿಕೊಂಡರು.

ನೀವೇ, ನಿಮ್ಮ ಸಹೋದ್ಯೋಗಿಗಳೇ, ಬೇರೆ ವಾಹನದಲ್ಲಿ ಇದನ್ನು ಸಾಧಿಸಿ ತೋರಿಸಿದ್ದೀರಿ. ಹೋಂಡಾದ ಆ್ಯಕ್ಟಿವಾ ಇ: ವಿದ್ಯುತ್ ಸ್ಕೂಟರಿನಲ್ಲಿ ತಲಾ ಹತ್ತು ಕಿಲೋ ಚಿಲ್ಲರೆ ತೂಗುವ ಎರಡು ಬ್ಯಾಟರಿಗಳಿವೆ. ಮೇಲೆ ಹಿಡಿಕೆ. ಸೀಟು ಎತ್ತಿ, ಹಿಡಿಕೆ ಹಿಡಿದು ಹೊರತೆಗೆದು, ಬದಲಿ ಕೇಂದ್ರದ ಗೂಡಿನಲ್ಲಿಟ್ಟು ತುಂಬಿದ್ದನ್ನು ಒಯ್ಯುವುದು. ಸ್ಪ್ಯಾನರ್ ಬೇಡ, ಮೇಸ್ತ್ರಿ ಬೇಡ. ಬೆಂಗಳೂರಿನದೇ ಕಂಪನಿ ಬೌನ್ಸ್ 2021ರಲ್ಲಿ ತಂದ ಇನ್ಫಿನಿಟಿ ಸ್ಕೂಟರಿನಲ್ಲೂ ಬ್ಯಾಟರಿ ಕಳಚಿ ಒಯ್ಯುವಂತಿತ್ತು. ವಾಹನವನ್ನೇ ಓಡಿಸುವ ಹತ್ತು ಕಿಲೋ ಬ್ಯಾಟರಿಗೆ ಹಿಡಿಕೆ ಕೊಡಲು ಸಾಧ್ಯವಿದ್ದರೆ, ಎಂಜಿನ್ ಎಬ್ಬಿಸುವುದಷ್ಟೇ ಕೆಲಸವಾಗಿರುವ ಮೂರು ಕಿಲೋ ಬ್ಯಾಟರಿಗೆ ಒಂದು ಬಟ್ಟೆಯ ಪಟ್ಟಿ ಕೊಡಲು ಆಗದೇ?

ಕಾನೂನೂ ಈ ದಿಕ್ಕಿಗೇ ತಿರುಗುತ್ತಿದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ದುರಸ್ತಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು. ಅದು ಆರಿಸಿಕೊಂಡ ನಾಲ್ಕು ವಲಯಗಳಲ್ಲಿ ಕೃಷಿ ಯಂತ್ರ, ಮೊಬೈಲುಗಳ ಜೊತೆಗೆ ವಾಹನಗಳೂ ಇವೆ. ಅದೇ ವರ್ಷದ ಡಿಸೆಂಬರ್ 24ರಂದು ಅದಕ್ಕಾಗಿ ಜಾಲತಾಣವೂ ತೆರೆಯಿತು. ಐರೋಪ್ಯ ಒಕ್ಕೂಟ 2023ರಲ್ಲಿ ತಂದ ಬ್ಯಾಟರಿ ನಿಯಮದ ಪ್ರಕಾರ, ಕೈಯಲ್ಲಿ ಹಿಡಿಯುವ ಸಾಧನಗಳ ಬ್ಯಾಟರಿಯನ್ನು 2027ರ ಫೆಬ್ರವರಿಯಿಂದ ಬಳಕೆದಾರನೇ, ಅಂಗಡಿಯಲ್ಲಿ ಸಿಗುವ ಉಪಕರಣದಿಂದ ತೆಗೆಯುವಂತಿರಬೇಕು. ಬೈಕಿನ ಸ್ಟಾರ್ಟರ್ ಬ್ಯಾಟರಿಗೆ ಆ ವಿಧಿ ಅನ್ವಯಿಸದು, ಗೊತ್ತು. ಫೋನಿಗೆ ಸಲ್ಲುವ ನ್ಯಾಯ ಬೈಕಿಗೂ ಸಲ್ಲಲಿ ಎಂದು ಕೇಳಲು ನಾವು ಅಂಥದೇ ಕಾನೂನಿಗಾಗಿ ಕಾಯಬೇಕಿಲ್ಲ. ನಮ್ಮಲ್ಲೇ 2022ರ ಆಗಸ್ಟಿನ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು, ಸತ್ತ ಬ್ಯಾಟರಿಯನ್ನು ಹಿಂದಕ್ಕೆ ಪಡೆದು ಮರುಬಳಕೆಗೆ ಕಳಿಸುವ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ. ಸೀಸ ಮಣ್ಣಿಗೂ ಮಕ್ಕಳ ಮೈಗೂ ವಿಷ. ಬ್ಯಾಟರಿ ಒಡೆಯದೆ, ಸೋರದೆ, ಇಡಿಯಾಗಿ ಹಿಂದಿರುಗಬೇಕಾದರೆ ಅದು ಬೈಕಿನಿಂದ ಸಲೀಸಾಗಿ ಹೊರಬರುವುದು ಮೊದಲ ಮೆಟ್ಟಿಲು. ಮೀಟಿ ಎಬ್ಬಿಸುವಾಗ ಮೂಲೆ ಒಡೆದ ಬ್ಯಾಟರಿಗಳನ್ನು ಗುಜರಿ ಅಂಗಡಿಯ ರಾಶಿಯಲ್ಲಿ ಯಾರು ಬೇಕಾದರೂ ನೋಡಬಹುದು.

ಹಾಗಾದರೆ ಏನು ಮಾಡಬೇಕೆಂದು ನೀವು ಕೇಳಿದರೆ, ನನ್ನ ಹತ್ತಿರ ದೊಡ್ಡ ಪಟ್ಟಿಯಿಲ್ಲ. ಬ್ಯಾಟರಿಯನ್ನು ಸೀಟಿನಡಿಗೋ ಒಂದು ಬದಿಯ ಪ್ಯಾನೆಲ್ಲಿನ ಹಿಂದಕ್ಕೋ ತನ್ನಿ. ಟರ್ಮಿನಲ್ಲುಗಳ ಮುಖ ಹೊರಗಿರಲಿ, ನೆಗೆಟಿವ್ ಈಚೆಗಿರಲಿ. ಚೌಕ ನಟ್ಟು ಜಾರದಂತೆ ಹಿಡಿದಿಡುವ ಸಣ್ಣ ಪ್ಲಾಸ್ಟಿಕ್ ತಡೆ ಅದರಡಿ ಇರಲಿ. ಎತ್ತಲು ಪಟ್ಟಿ ಕೊಡಿ. ಬ್ಯಾಟರಿ ಒಳಗೇ ಇರಬೇಕಾದ ಅನಿವಾರ್ಯವಿದ್ದರೆ ಅದರ ಎರಡು ತುದಿಗಳನ್ನಾದರೂ ಸೀಟಿನಡಿಗೆ ಎಳೆದು ತನ್ನಿ. ಚಾರ್ಜು ಕೊಡಲು, ಇನ್ನೊಂದು ಬ್ಯಾಟರಿಯಿಂದ ಜಂಪ್ ಮಾಡಲು ಅಷ್ಟು ಸಾಕು. ಟೂಲ್ ಕಿಟ್ ಚೀಲದಲ್ಲಿ ಬ್ಯಾಟರಿಯ ಬೋಲ್ಟಿಗೆ ಹೊಂದುವ ಸ್ಪ್ಯಾನರ್ ಇದೆಯೋ ಇಲ್ಲವೋ ನೋಡಿ. ಈಚಿನ ಹಲವು ಬೈಕುಗಳ ಚೀಲದಲ್ಲಿ ಹಿಡಿಕೆ ಸಡಿಲವಾದ ಒಂದು ಸ್ಕ್ರೂಡ್ರೈವರ್, ಒಂದು ಅಲೆನ್ ಕೀ ಬಿಟ್ಟರೆ ಏನೂ ಇರುವುದಿಲ್ಲ.

ಇವುಗಳಲ್ಲಿ ಯಾವುದೂ ಬೈಕಿನ ಬೆಲೆಯನ್ನು ಗ್ರಾಹಕನಿಗೆ ಭಾರವಾಗುವಷ್ಟು ಏರಿಸದು ಎಂದು ನಾನು ನಂಬಿದ್ದೇನೆ. ಏರುವುದಾದರೂ ಕೊಡುತ್ತೇವೆ. ರಾತ್ರಿ ಪಾಳಿ ಮುಗಿಸಿ ಆಸ್ಪತ್ರೆಯ ಪಾರ್ಕಿಂಗಿನಲ್ಲಿ ಸೆಲ್ಫ್ ಒತ್ತಿದಾಗ ಟಕ್ ಟಕ್ ಎಂಬ ಸದ್ದು ಮಾತ್ರ ಕೇಳುವ ನರ್ಸನ್ನು, ಆಗುಂಬೆಯ ಮಳೆಯಲ್ಲಿ ಸಿಗ್ನಲ್ ಇಲ್ಲದ ತಿರುವಿನಲ್ಲಿ ನಿಂತವನನ್ನು ಕೇಳಿ ನೋಡಿ. ಬೈಕಿನ ಮುಖಕ್ಕೆ ಹೊಸ ಎಲ್ಇಡಿ ಗೆರೆಗಿಂತ ಇದಕ್ಕೇ ಅವರು ದುಡ್ಡು ಕೊಡುತ್ತಾರೆ.

ಮುಂದಿನ ಮಾದರಿಯ ನಕ್ಷೆಗೆ ಸಹಿ ಹಾಕುವ ಮುಂಚೆ ಒಂದು ಕೆಲಸ ಮಾಡಿ ಎಂದು ಕೈಮುಗಿದು ಕೇಳುತ್ತೇನೆ. ಮೊದಲ ಮಾದರಿ ಬೈಕನ್ನು ಕಾರ್ಖಾನೆಯ ಗೇಟಿನ ಹೊರಗೆ, ರಸ್ತೆಯಂಚಿನಲ್ಲಿ ಸೈಡ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ. ಟ್ಯಾಂಕು ತುಂಬಿರಲಿ. ಗಿರಾಕಿಗೆ ಕೊಡಲಿರುವ ಅದೇ ಟೂಲ್ ಕಿಟ್ ಚೀಲ ತೆಗೆದುಕೊಳ್ಳಿ. ಯಾರ ಸಹಾಯವನ್ನೂ ಕೇಳದೆ ನೀವೇ, ನಿಮ್ಮ ಕೈಯಿಂದಲೇ ಬ್ಯಾಟರಿ ಹೊರಗೆ ತೆಗೆದು ಮತ್ತೆ ಕೂರಿಸಿ. ಎಷ್ಟು ಬೋಲ್ಟು ಬಿಚ್ಚಬೇಕಾಯಿತು, ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ಮೈಲೇಜು, ಟ್ಯಾಂಕಿನ ಅಳತೆಗಳ ಜೊತೆಗೆ ಶೋರೂಮಿನ ಕರಪತ್ರದಲ್ಲಿ ಅಚ್ಚು ಹಾಕಿಸಿ. ಅಂಥ ಕರಪತ್ರ ಹೊರತಂದ ಮೊದಲ ಕಂಪನಿಯ ಬೈಕನ್ನು ನಾನು ಕೊಳ್ಳುತ್ತೇನೆ, ನನ್ನ ಪರಿಚಯದ ಮೇಸ್ತ್ರಿಗಳಿಗೂ ತೋರಿಸುತ್ತೇನೆ.

ಇತಿ,
ಮೈಸೂರಿನ ಒಬ್ಬ ಬೈಕ್ ಸವಾರ